ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸುವುದು ಹೇಗೆ? ವಾರ್ಡಿನಿಂದ ಶುರು ಮಾಡುವ ಸಮಗ್ರ ಮಾರ್ಗದರ್ಶಿ

ಬುಧವಾರದ ಮನೆಕೂಟದಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥಿಸಿ ಅಂದರೆ ಯಾರು ಬೇಕಾದರೂ ಮುಂದೆ ಬರುತ್ತಾರೆ. ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಅಂದರೆ ಇನ್ನೂ ಚೆನ್ನಾಗಿ ಮಾಡುತ್ತಾರೆ. "ಇವತ್ತು ಅಧಿಕಾರದಲ್ಲಿರುವವರಿಗಾಗಿ ನೀವು ಪ್ರಾರ್ಥಿಸಿ" ಅಂದ ಕೂಡಲೇ ಗಂಟಲು ಕಟ್ಟುತ್ತದೆ. ಆಮೇಲೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ "ಕರ್ತನೇ, ನಮ್ಮ ದೇಶದ ನಾಯಕರನ್ನೆಲ್ಲ ಆಶೀರ್ವದಿಸು, ಜ್ಞಾನ ಕೊಡು, ಆಮೆನ್" ಅಂತ ಇಪ್ಪತ್ತು ಸೆಕೆಂಡಿಗೆ ಮುಗಿದುಹೋಗುತ್ತದೆ. ಇಲ್ಲಾಂದ್ರೆ ಕಣ್ಣು ಮುಚ್ಚಿಕೊಂಡು ಹತ್ತು ನಿಮಿಷದ ಭಾಷಣ. ಅದರಲ್ಲಿ ಪೆಟ್ರೋಲ್ ದರ, ರಸ್ತೆ ಗುಂಡಿ, ಹಿಂದಿನ ರಾತ್ರಿ ಟಿವಿಯಲ್ಲಿ ನೋಡಿದ ಜಗಳ ಎಲ್ಲ ಬರುತ್ತವೆ, ದೇವರ ಹೆಸರು ಮಾತ್ರ ಮೊದಲ ಸಾಲಿಗೊಮ್ಮೆ ಕೊನೆಯ ಸಾಲಿಗೊಮ್ಮೆ.

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇಂಥ ಕೂಟ ನಡೆಸುತ್ತೇನೆ. ಪುಣೆ ಪಕ್ಕದ ಪಿಂಪ್ರಿಯಲ್ಲಿರುವ ನಮ್ಮ ಕನ್ನಡದವರೂ ಗೋವಾದ ವಾಸ್ಕೋದಲ್ಲಿರುವ ನಮ್ಮವರೂ ಫೋನಿನಲ್ಲಿ ಕೇಳುವುದು ಇದನ್ನೇ: "ಏನಂತ ಪ್ರಾರ್ಥಿಸೋದು ಆಂಟಿ, ಎರಡು ಸಾಲಿಗೆ ನಿಂತುಹೋಗುತ್ತೆ." ಮನಸ್ಸು ಎಲ್ಲರಿಗೂ ಇದೆ. ಶುರು ಮಾಡುವ ಜಾಗ ತಪ್ಪು. ಎಲ್ಲರೂ ದೆಹಲಿಯಿಂದ ಶುರು ಮಾಡುತ್ತಾರೆ. ದೆಹಲಿ ದೂರ, ಅಲ್ಲಿನ ಮೇಜಿನ ಮೇಲೆ ಏನಿದೆ ಅಂತ ನಮಗೆ ಕಾಣಲ್ಲ, ಹಾಗಾಗಿ ಮಾತು ಸಿಗಲ್ಲ. ನಿಮ್ಮ ಮನೆ ಮುಂದಿನ ಗಟಾರಕ್ಕೆ ಯಾರು ಜವಾಬ್ದಾರರೋ ಅವರಿಂದ ಶುರು ಮಾಡಿ, ಮಾತು ತಾನಾಗಿ ಬರುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಎರಡನ್ನು ಹಾರಿಸಿ ನಾಲ್ಕನೆಯದಕ್ಕೆ ಹೋದವರೇ ಮತ್ತೆ ಫೋನ್ ಮಾಡುವವರು.

## ಮೊದಲು ಎತ್ತಿಟ್ಟುಕೊಳ್ಳಬೇಕಾದ್ದು

ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ರಬ್ಬರ್. ಪೆನ್ನು ಬೇಡ, ಯಾಕೆಂದರೆ ಈ ಪುಸ್ತಕದಲ್ಲಿ ಹೆಸರುಗಳು ಬದಲಾಗುತ್ತಲೇ ಇರುತ್ತವೆ.

ಬೈಬಲ್. ನಾಲ್ಕು ಕಡೆ ಕಾಗದದ ಚೂರು ಸಿಕ್ಕಿಸಿ: 1 ತಿಮೊಥೆಯನಿಗೆ 2:1-8, ಯೆರೆಮೀಯ 29:7, ಕೀರ್ತನೆ 72, ವಿಮೋಚನಕಾಂಡ 18:21. ಸದ್ಯಕ್ಕೆ ಇಷ್ಟು ಸಾಕು.

ನಿಮ್ಮ ವೋಟರ್ ಕಾರ್ಡ್, ಜೊತೆಗೆ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲು. ಬಾಡಿಗೆ ಮನೆಯಾದರೆ ಮಾಲೀಕರಿಂದ ಬಿಲ್ಲಿನ ಒಂದು ಫೋಟೊ ಕೇಳಿ. ಕರೆಂಟ್ ಬಿಲ್ಲು ಈ ಕೆಲಸಕ್ಕೆ ಬರಲ್ಲ, ಅದು ಕಂಪನಿಯದ್ದು.

ಒಂದು ಸ್ಥಳೀಯ ಪತ್ರಿಕೆ. ಮರಾಠಿಯದ್ದಾದರೂ ಪರವಾಗಿಲ್ಲ, ನಿಮ್ಮ ಊರಿನ ಸುದ್ದಿ ಇರುವ ಒಂದು ಪುಟ ಸಾಕು. ಮತ್ತೆ ಒಂದು ಗಡಿಯಾರ. ಫೋನಿನ ಗಡಿಯಾರ ಬೇಡ. ಫೋನ್ ತೆಗೆದರೆ ಸುದ್ದಿ, ಸುದ್ದಿ ತೆಗೆದರೆ ಕೋಪ.

## ಹಂತ 1: ನಿಮ್ಮನ್ನು ಆಳುವವರು ಯಾರು ಅಂತ ಪತ್ತೆ ಮಾಡಿ

ಇಲ್ಲಿ ನಾನೇ ದೊಡ್ಡ ತಪ್ಪು ಮಾಡಿದ್ದೇನೆ. ಡೊಂಬಿವಲಿಗೆ ಬಂದ ಮೇಲೆ ಎಷ್ಟೋ ಕಾಲ ಮುಂಬೈ ಮೇಯರ್‌ಗಾಗಿ, ಮುಂಬೈ ಪಾಲಿಕೆ ಆಯುಕ್ತರಿಗಾಗಿ ಭಕ್ತಿಯಿಂದ ಪ್ರಾರ್ಥಿಸುತ್ತಿದ್ದೆ. ಒಂದು ದಿನ ಕಾಲೇಜು ಓದುವ ಹುಡುಗಿಯೊಬ್ಬಳು ಆಮೆನ್ ಆದ ಮೇಲೆ ಮೆಲ್ಲಗೆ ಕೇಳಿದಳು: "ಆಂಟಿ, ನಮ್ಮ ಏರಿಯಾಕ್ಕೆ ಮುಂಬೈ ಮೇಯರ್ ಬರಲ್ಲ ಅಲ್ವಾ?" ಬರಲ್ಲ. ನಾವು ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆಯವರು. ಊರಿಗೆ ಫೋನ್ ಮಾಡುವಾಗ "ಬೊಂಬಾಯಿಯಲ್ಲಿದ್ದೇವೆ" ಅಂತೀವಿ, ಕಸ ಎತ್ತುವವರು ಬೇರೆ.

ಹಾಗಾಗಿ ಮೊದಲು ಟ್ಯಾಕ್ಸ್ ಬಿಲ್ಲಿನ ತಲೆಬರಹ ಓದಿ. ಠಾಣೆ, ನವಿ ಮುಂಬೈ, ಮೀರಾ-ಭಾಯಂದರ್, ವಸಯಿ-ವಿರಾರ್ ಎಲ್ಲಕ್ಕೂ ಸ್ವಂತ ಪಾಲಿಕೆ ಇದೆ. ಪುಣೆಯವರು ಇನ್ನೂ ಹುಷಾರಾಗಿರಬೇಕು. ಪಿಂಪ್ರಿ, ಚಿಂಚ್‌ವಾಡ್, ನಿಗಡಿಯವರ ಪಾಲಿಕೆ ಪುಣೆಯದ್ದಲ್ಲ, ಪಿಂಪ್ರಿ-ಚಿಂಚ್‌ವಾಡ್‌ದ್ದು. ಪುಣೆ ಕ್ಯಾಂಪ್ ಅಥವಾ ಖಡಕಿಯಲ್ಲಿದ್ದರೆ ಕಂಟೋನ್ಮೆಂಟ್ ಬೋರ್ಡು, ಅದು ರಕ್ಷಣಾ ಇಲಾಖೆಯ ಕೆಳಗೆ ಬರುತ್ತದೆ. ಗೋವಾದಲ್ಲಿ ಮಹಾನಗರಪಾಲಿಕೆ ಇರುವುದು ಪಣಜಿಗೆ. ವಾಸ್ಕೋದವರಿಗೆ ಮುರ್ಗಾಂವ್ ನಗರಪಾಲಿಕೆ, ಹಳ್ಳಿಯ ಕಡೆ ಇದ್ದರೆ ಪಂಚಾಯತ್, ಅಂದರೆ ಪಂಚರು ಮತ್ತು ಸರಪಂಚರು.

ಆಮೇಲೆ ವೋಟರ್ ಕಾರ್ಡ್ ತಿರುಗಿಸಿ ನೋಡಿ, ವಿಧಾನಸಭಾ ಕ್ಷೇತ್ರದ ಹೆಸರು ಅದರಲ್ಲೇ ಇರುತ್ತದೆ. ಊಹೆ ಮಾಡಬೇಡಿ. ಡೊಂಬಿವಲಿ ಅನ್ನುವ ಹೆಸರಿನದ್ದೇ ಕ್ಷೇತ್ರ ಇದೆ, ಆದರೆ ಅದೇ ಸ್ಟೇಷನ್ನಿನಲ್ಲಿ ಇಳಿಯುವ ಹಲವರ ಮನೆ ಕಲ್ಯಾಣ್ ಗ್ರಾಮೀಣ ಕ್ಷೇತ್ರದಲ್ಲಿದೆ. ಕಾರ್ಡ್ ಇನ್ನೂ ಗದಗದ್ದೋ ಉಡುಪಿಯದ್ದೋ ಆಗಿದ್ದರೆ, ಪಕ್ಕದ ಮನೆಯವರನ್ನು ಕೇಳಿ.

ಈಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಏಣಿಯ ಹಾಗೆ ಬರೆಯಿರಿ, ಕೆಳಗಿನ ಮೆಟ್ಟಿಲಿನಿಂದ.

ಮೊದಲ ಮೆಟ್ಟಿಲು ನಗರಸೇವಕರು, ಅಂದರೆ ಕಾರ್ಪೊರೇಟರ್‌ಗಳು. ಮುಂಬೈ ಪಾಲಿಕೆಯಲ್ಲಿ 227 ವಾರ್ಡು, ವಾರ್ಡಿಗೆ ಒಬ್ಬರು. ಪುಣೆ ಕಡೆ ಒಂದು ಪ್ರಭಾಗಕ್ಕೆ (ವಾರ್ಡಿಗೆ) ಒಬ್ಬರಿಗಿಂತ ಜಾಸ್ತಿ ಜನ ಇರುತ್ತಾರೆ, ಎಲ್ಲರ ಹೆಸರನ್ನೂ ಬರೆಯಿರಿ. ಎರಡನೆಯದು ಅಧಿಕಾರಿಗಳು: ವಾರ್ಡ್ ಆಫೀಸರ್, ಪೊಲೀಸ್ ಠಾಣೆಯ ಸೀನಿಯರ್ ಇನ್‌ಸ್ಪೆಕ್ಟರ್, ರೇಷನ್ ಆಫೀಸಿನವರು, ಪಾಲಿಕೆ ಶಾಲೆಯ ಹೆಡ್‌ಮಾಸ್ತರು. ಮೂರನೆಯದು ಶಾಸಕರು. ನಾಲ್ಕನೆಯದು ಸಂಸದರು, ಪಾಲಕ ಮಂತ್ರಿ (ಜಿಲ್ಲಾ ಉಸ್ತುವಾರಿ ಸಚಿವರು), ಮುಖ್ಯಮಂತ್ರಿ, ರಾಜ್ಯಪಾಲರು. ಐದನೆಯದು ಪ್ರಧಾನಿ, ರಾಷ್ಟ್ರಪತಿ, ನ್ಯಾಯಾಧೀಶರು. ಗೋವಾದವರು ನ್ಯಾಯಾಧೀಶರ ಸಾಲಿನಲ್ಲಿ ನಾವು ಬರೆಯುವುದನ್ನೇ ಬರೆಯಬಹುದು, ಅವರದ್ದೂ ಬಾಂಬೆ ಹೈಕೋರ್ಟೇ, ಪಣಜಿ ಪಕ್ಕದ ಪರ್ವರಿಯಲ್ಲಿ ಅದರ ಪೀಠ ಇದೆ.

"ಹೆಡ್‌ಮಾಸ್ತರೂ ಅಧಿಕಾರಿಯಾ?" ಅಂತ ಕೇಳುತ್ತಾರೆ. ವಿಮೋಚನಕಾಂಡ 18:21 ತೆಗೆಯಿರಿ. ಮೋಶೆಯ ಮಾವ ಇತ್ರೋ ಹೇಳುವುದು ಸಾವಿರ ಜನರ ಮೇಲೆ, ನೂರು ಜನರ ಮೇಲೆ, ಐವತ್ತು ಜನರ ಮೇಲೆ, ಹತ್ತು ಜನರ ಮೇಲೆ ಅಧಿಕಾರಿಗಳನ್ನು ನೇಮಿಸು ಅಂತ. ಹತ್ತು ಜನರ ಮೇಲಿನವನೂ ಪಟ್ಟಿಯಲ್ಲಿದ್ದಾನೆ. ಆ ವಚನದಲ್ಲಿ ಅವರ ಗುಣವೂ ಇದೆ, ಲಂಚಕ್ಕೆ ಹೇಸುವವರು ಅನ್ನುವುದೂ ಸೇರಿ. ಮುಂದೆ ಬೇಕಾಗುತ್ತದೆ.

ಇಲ್ಲಿ ಜಾಸ್ತಿ ಕಾಣುವ ತಪ್ಪುಗಳು ಎರಡು. ಒಂದು, ಹಳೆಯ ಹೆಸರು. 2022ರ ಮಾರ್ಚ್‌ನಲ್ಲಿ ಮುಂಬೈ ಪಾಲಿಕೆಯ ಅವಧಿ ಮುಗಿದ ಮೇಲೆ ಕೆಲವು ವರ್ಷ ನಗರಸೇವಕರೇ ಇರಲಿಲ್ಲ, ಆಯುಕ್ತರೇ ಆಡಳಿತಾಧಿಕಾರಿಯಾಗಿದ್ದರು. ಆಗಲೂ ನಮ್ಮ ಪರಿಚಯದವರು ಹಳೆಯ ನಗರಸೇವಕರ ಹೆಸರಿನಲ್ಲೇ ಪ್ರತಿ ವಾರ ಪ್ರಾರ್ಥಿಸುತ್ತಿದ್ದರು. ಆ ಮನುಷ್ಯನಿಗೆ ಒಳ್ಳೆಯದಾಗಲಿ, ಆದರೆ ನಲ್ಲಿ ಅವರ ಕೈಯಲ್ಲಿರಲಿಲ್ಲ. ಎರಡು, ನಾವು ಊರು ಬಿಟ್ಟು ಬಂದವರು ಮಾಡುವ ತಪ್ಪು: ಕರ್ನಾಟಕದ ಮುಖ್ಯಮಂತ್ರಿಯ ಹೆಸರು ಬಾಯಲ್ಲಿ ಸಲೀಸಾಗಿ ಬರುತ್ತದೆ, ನಮ್ಮ ವಾರ್ಡಿನವರ ಹೆಸರು ಗೊತ್ತಿಲ್ಲ. ಯೆರೆಮೀಯ 29:7 ಊರು ಬಿಟ್ಟು ಬಾಬೆಲಿನಲ್ಲಿದ್ದವರಿಗೇ ಬರೆದದ್ದು. ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಅನ್ನುತ್ತದೆ. ಊರಿನವರಿಗಾಗಿ ಭಾನುವಾರ ಪ್ರಾರ್ಥಿಸಿ, ಯಾರೂ ಬೇಡ ಅನ್ನಲ್ಲ.

## ಹಂತ 2: ಕೋಪ ಇಳಿಸಿ ಕೂತುಕೊಳ್ಳಿ

1 ತಿಮೊಥೆಯನಿಗೆ 2ನೇ ಅಧ್ಯಾಯದ ಮೊದಲ ಎರಡು ವಚನ ಎಲ್ಲರಿಗೂ ಬಾಯಿಪಾಠ: ಅರಸರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ಪ್ರಾರ್ಥಿಸಿ. ಎಂಟನೆಯ ವಚನಕ್ಕೆ ಯಾರೂ ಹೋಗಲ್ಲ. ಅಲ್ಲಿ ಪೌಲ ಕೋಪವೂ ವಾಗ್ವಾದವೂ ಇಲ್ಲದೆ ಕೈಗಳನ್ನೆತ್ತಿ ಪ್ರಾರ್ಥಿಸಿ ಅನ್ನುತ್ತಾನೆ. ಒಂದೇ ಪುಟ, ಒಂದೇ ವಿಷಯ. ಆಗ ಅಧಿಕಾರದಲ್ಲಿದ್ದ ರೋಮ್ ಚಕ್ರವರ್ತಿಗಳು ಎಂಥವರು ಅಂತ ಗೊತ್ತಿರುವವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಮಾಡುವ ರೀತಿ ಸರಳ. ನೋಟ್‌ಬುಕ್ಕಿನ ಕೊನೆಯ ಪುಟ ತೆಗೆಯಿರಿ. ಆ ವ್ಯಕ್ತಿಯ ಮೇಲೆ ನಿಮಗೇನು ಸಿಟ್ಟು ಅಂತ ಎರಡು ನಿಮಿಷ ಬರೆಯಿರಿ, ಬೈಗುಳ ಬಂದರೂ ಬರೆಯಿರಿ, ದೇವರು ಕೀರ್ತನೆಗಳಲ್ಲಿ ಇದಕ್ಕಿಂತ ಖಾರವಾದದ್ದನ್ನು ಕೇಳಿದ್ದಾನೆ. ಆಮೇಲೆ ರಬ್ಬರಿನಿಂದ ಅಳಿಸಿ. ಅಳಿಸಲು ಮನಸ್ಸೇ ಬರುತ್ತಿಲ್ಲ ಅಂದರೆ ಇವತ್ತು ಅವರನ್ನು ಬಿಟ್ಟು ಏಣಿಯ ಬೇರೆ ಮೆಟ್ಟಿಲಿಗೆ ಹೋಗಿ. ಬಲವಂತಕ್ಕೆ ಮಾಡಿದರೆ ಪ್ರಾರ್ಥನೆಯೊಳಗೆ ಚುಚ್ಚುಮಾತು ನುಸುಳುತ್ತದೆ.

ಎಚ್ಚರಿಕೆಯ ಗುರುತು: "ಕರ್ತನೇ, ಇವರ ಕಣ್ಣು ತೆರೆ" ಅನ್ನುವಾಗ ನಿಮ್ಮ ದನಿ ಏರುತ್ತಿದ್ದರೆ ಈ ಹಂತ ಇನ್ನೂ ಮುಗಿದಿಲ್ಲ.

## ಹಂತ 3: ಒಂದು ನಿಜವಾದ ಕೃತಜ್ಞತೆ

ಪೌಲನ ಪಟ್ಟಿಯಲ್ಲಿ ನಾಲ್ಕು ಪದ ಇವೆ: ವಿಜ್ಞಾಪನೆ, ಪ್ರಾರ್ಥನೆ, ಮನವಿ, ಕೃತಜ್ಞತಾಸ್ತುತಿ. ನಾಲ್ಕನೆಯದು ನಮ್ಮಲ್ಲಿ ಕಾಣೆಯಾಗುತ್ತದೆ. ಹೊಗಳಿಕೆ ಬೇಡ. ಈ ವಾರ ಕಣ್ಣಾರೆ ಕಂಡದ್ದೊಂದು ಸಾಕು. "ಸೋಮವಾರ ಕಸದ ಗಾಡಿ ಬಂತು, ಅದಕ್ಕೆ ಸ್ತೋತ್ರ." "ಠಾಣೆಯಲ್ಲಿ ನಮ್ಮ ಹುಡುಗನ ಕಳೆದ ಫೋನಿನ ದೂರು ಬರೆದುಕೊಂಡರು, ಅದಕ್ಕೆ ಸ್ತೋತ್ರ." ಏನೂ ಹೊಳೆಯದಿದ್ದರೆ ನಿಮ್ಮ ನೋಟ ಟಿವಿಯ ಮೇಲಿದೆ, ಬೀದಿಯ ಮೇಲಿಲ್ಲ ಅಂತ ಅರ್ಥ. ಒಂದು ಸುತ್ತು ನಡೆದು ಬನ್ನಿ.

## ಹಂತ 4: ಅವರ ಮೇಜಿನ ಮೇಲಿರುವ ಕಾಗದಕ್ಕಾಗಿ ಪ್ರಾರ್ಥಿಸಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ.

ಸೊಲೊಮೋನ "ಜ್ಞಾನ ಕೊಡು" ಅಂತ ಸುಮ್ನೆ ಕೇಳಲಿಲ್ಲ. 1 ಅರಸುಗಳು 3:9 ಓದಿ. ಈ ಜನರ ನ್ಯಾಯ ತೀರಿಸಬೇಕು, ಒಳ್ಳೆಯದು ಕೆಟ್ಟದ್ದು ಬೇರ್ಪಡಿಸಬೇಕು, ಅದಕ್ಕೆ ಬೇಕಾದ ವಿವೇಕ ಕೊಡು ಅಂತ ಕೇಳಿದ. ಕೆಲಸ ಹೇಳಿ ಕೇಳಿದ. ನಾವೂ ಕೆಲಸ ಹೇಳಬೇಕು. ಪ್ರತಿ ವ್ಯಕ್ತಿಗೆ ಒಂದೇ ಕೆಲಸ. ಅವರು ಈ ತಿಂಗಳು ತೀರ್ಮಾನ ಮಾಡಲೇಬೇಕಾದ ಒಂದು ವಿಷಯ.

ವಾಕ್ಯ ಕಟ್ಟುವ ಕ್ರಮ ಹೀಗೆ: ಹೆಸರು ಮತ್ತು ಹುದ್ದೆ, ಅವರ ಮುಂದಿರುವ ಕೆಲಸ, ಅದರಿಂದ ತಟ್ಟುವ ಜನ, ಕೊನೆಗೆ ಬೇಡಿಕೆ. ಈ ನಾಲ್ಕರಲ್ಲಿ ಜನ ಬಿಡುವುದು ಮೂರನೆಯದನ್ನು.

ಒಂದು ಉದಾಹರಣೆ. ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಕೂಟದಲ್ಲಿ ಒಬ್ಬರು ಮೊದಲು ಪ್ರಾರ್ಥಿಸಿದ್ದು ಹೀಗೆ: "ಕರ್ತನೇ, ನಮ್ಮ ಪಾಲಿಕೆಯವರು ಒಳ್ಳೆ ಕೆಲಸ ಮಾಡುವ ಹಾಗೆ ಮಾಡು." ಇದರಲ್ಲಿ ತಪ್ಪಿಲ್ಲ, ಹಿಡಿಯೋಕೆ ಏನೂ ಇಲ್ಲ. ಮುಂದಿನ ವಾರ ಅವರು ಸ್ಟೇಷನ್ನಿಗೆ ಹೋಗುವಾಗ ನಾಲೆಯ ಹತ್ತಿರ ನಿಂತು ನೋಡಿ ಬಂದರು. ಎತ್ತಿದ ಹೂಳನ್ನು ದಡದ ಮೇಲೇ ರಾಶಿ ಹಾಕಿದ್ದರು, ಪ್ಲಾಸ್ಟಿಕ್ ಚೀಲಗಳು, ಒಂದು ಹರಿದ ಹಾಸಿಗೆ, ಪಕ್ಕದಲ್ಲೇ ಒಂದು ಪುಟ್ಟ ಇಡ್ಲಿ ಗಾಡಿ. ಮಳೆ ಬಂದರೆ ಆ ರಾಶಿ ಮತ್ತೆ ನಾಲೆಗೇ. ಆ ಬುಧವಾರ ಅವರ ಪ್ರಾರ್ಥನೆ:

"ಕರ್ತನೇ, ನಮ್ಮ ವಾರ್ಡ್ ಆಫೀಸರ್ ಮುಂದೆ ಈ ವಾರ ನಾಲೆ ಸಫಾಯಿಯ ಬಿಲ್ಲು ಬರುತ್ತದೆ. ಹೂಳು ಎತ್ತಿಸಿಕೊಂಡು ಹೋಗಿದ್ದಾರಾ ಅಂತ ಬಂದು ನೋಡುವ ಮನಸ್ಸು ಅವರಿಗೆ ಕೊಡು. ನಾಲೆ ಪಕ್ಕದ ಮನೆಗಳವರು ಕಳೆದ ಸಲ ಇಡೀ ರಾತ್ರಿ ಮಂಚದ ಮೇಲೆ ಕೂತಿದ್ದರು, ನಿನಗೆ ಗೊತ್ತು. ನೋಡದೆ ಸಹಿ ಹಾಕು ಅಂತ ಯಾರಾದರೂ ಒತ್ತಾಯ ಮಾಡಿದರೆ ಇಲ್ಲ ಅನ್ನುವ ಧೈರ್ಯ ಕೊಡು. ಒಳಗಿಳಿದು ಕೆಲಸ ಮಾಡುವವರ ಜೀವ ಕಾಪಾಡು."

ಅರ್ಧ ನಿಮಿಷ ಅಷ್ಟೆ. ಆದರೆ ಕೇಳಿದ ಯಾರೂ ಆ ವಾರ ನಾಲೆ ದಾಟುವಾಗ ನೋಡದೆ ಹೋಗಲಿಲ್ಲ.

ಏನು ಕೇಳಬೇಕು ಅಂತ ತೋಚದಿದ್ದರೆ ಕೀರ್ತನೆ 72 ಎದುರಿಗಿಟ್ಟುಕೊಳ್ಳಿ. ಅದು ಅರಸನಿಗಾಗಿ ಮಾಡಿದ ಪ್ರಾರ್ಥನೆಯೇ. ಅದರಲ್ಲಿ ಅರಸ ಬಡವರ ನ್ಯಾಯ ತೀರಿಸಲಿ, ಗತಿಯಿಲ್ಲದವರ ಮಕ್ಕಳನ್ನು ಉಳಿಸಲಿ, ಹಿಂಸಿಸುವವನನ್ನು ತಡೆಯಲಿ ಅಂತ ಇದೆ. ಒಂದೊಂದು ವಾರ ಒಂದೊಂದು ವಚನ ತೆಗೆದುಕೊಂಡು, ಇದು ನಮ್ಮ ವಾರ್ಡಿನಲ್ಲಿ ಯಾರ ಮನೆಯ ವಿಷಯ ಅಂತ ಕೇಳಿ. ನಮ್ಮ ಕೂಟದಲ್ಲಿ "ಗತಿಯಿಲ್ಲದವರ ಮಕ್ಕಳು" ಅಂದ ಕೂಡಲೇ ಒಬ್ಬ ಅಜ್ಜಿ, "ಕಟ್ಟಡ ಕೆಲಸಕ್ಕೆ ಬಂದ ನಮ್ಮ ಬಿಜಾಪುರದವರ ಮಕ್ಕಳು ಶಾಲೆಗೇ ಹೋಗ್ತಿಲ್ಲ" ಅಂದರು. ಹೆಡ್‌ಮಾಸ್ತರರ ಹುದ್ದೆ ಏಣಿಗೆ ಸೇರಿದ್ದು ಅವತ್ತೇ.

ವರ್ಷದ ಲೆಕ್ಕವೂ ಸಹಾಯಕ್ಕೆ ಬರುತ್ತದೆ. ಫೆಬ್ರವರಿ ಮೊದಲ ವಾರದ ಹೊತ್ತಿಗೆ ಮುಂಬೈ ಪಾಲಿಕೆಯ ಬಜೆಟ್, ಮಾರ್ಚ್ ಸುಮಾರಿಗೆ ರಾಜ್ಯದ ಬಜೆಟ್. ಮೇ ತಿಂಗಳು ನಾಲೆ ಸಫಾಯಿ. ಜೂನ್‌ನಿಂದ ಮಳೆ, ರೈಲು, ಹಳೆಯ ಕಟ್ಟಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಅವತ್ತು ದಾರಿಯಲ್ಲಿ ಸಿಕ್ಕಿಕೊಂಡವರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ, ಜುಲೈಯಲ್ಲಿ ಪ್ರಾರ್ಥನೆ ಅವರಿಂದ ಮಾಡಿಸಿ. ಡಿಸೆಂಬರಿನಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಾಗಪುರದಲ್ಲಿ, ಶಾಸಕರು ಊರಲ್ಲಿರಲ್ಲ. ಗೋವಾದವರಿಗೆ ಎಲ್ಲ ಅಧಿವೇಶನವೂ ವಿಧಾನಸಭೆ ಇರುವ ಪರ್ವರಿಯಲ್ಲೇ, 40 ಶಾಸಕರು, ಲೆಕ್ಕ ಸುಲಭ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ವಾಟ್ಸಾಪ್‌ನಲ್ಲಿ ಬಂದದ್ದನ್ನು ಪರೀಕ್ಷೆ ಮಾಡದೆ ಪ್ರಾರ್ಥನೆಗೆ ತರುವುದು ಮೊದಲನೆಯದು. ಸುಳ್ಳು ಸುದ್ದಿಯನ್ನು ಕಣ್ಣು ಮುಚ್ಚಿ ಹೇಳಿದರೂ ಅದು ಸುಳ್ಳೇ. ಎರಡನೆಯದು, ದೇವರಿಗೆ ಪರಿಹಾರ ಕಲಿಸಿಕೊಡುವುದು: "ಆ ಟೆಂಡರ್ ರದ್ದು ಮಾಡಿ ಈ ರಸ್ತೆ ಅಗಲ ಮಾಡಿಸು." ನಿಮ್ಮ ರಸ್ತೆ ಅಗಲವಾದರೆ ಯಾರ ಅಂಗಡಿ ಹೋಗುತ್ತದೆ ಅಂತ ನೋಡಿದ್ದೀರಾ? ಮೂರನೆಯದು, ಎಲ್ಲ ಮೆಟ್ಟಿಲನ್ನೂ ಒಂದೇ ದಿನ ಹತ್ತುವುದು. ಒಬ್ಬರೇ ಪ್ರಾರ್ಥಿಸುವಾಗ ದಿನಕ್ಕೊಂದು ಮೆಟ್ಟಿಲು. ಸೋಮವಾರದಿಂದ ಶುಕ್ರವಾರದವರೆಗೆ ಐದೂ ಮುಗಿಯುತ್ತವೆ.

## ಹಂತ 5: ಹುದ್ದೆಯ ಹಿಂದಿರುವ ಮನುಷ್ಯ

ಚಿಕ್ಕ ಹಂತ, ಒಂದೇ ಸಾಲು. ಅವರ ಆರೋಗ್ಯ, ನಿದ್ದೆ, ಮನೆಯವರು, ಅವರ ಡ್ರೈವರು. ಹೋದ ವರ್ಷ ನಮ್ಮ ಏಣಿಯಲ್ಲಿದ್ದ ಒಬ್ಬರ ತಾಯಿ ತೀರಿಕೊಂಡರು ಅಂತ ಪತ್ರಿಕೆಯಲ್ಲಿ ಬಂತು. ಅವತ್ತು ಅವರಿಗಾಗಿ ಬೇರೆ ಯಾವ ಬೇಡಿಕೆಯನ್ನೂ ಇಡಲಿಲ್ಲ.

ನೀವು ಓಟು ಹಾಕದವರಿಗೂ ಇದೇ ಸಾಲು, ಇಷ್ಟೇ ಉದ್ದ. ನೋಟ್‌ಬುಕ್ಕಿನಲ್ಲಿ ಒಬ್ಬರಿಗೆ ಆರು ಸಾಲು ಇನ್ನೊಬ್ಬರಿಗೆ ಅರ್ಧ ಸಾಲು ಕಾಣಿಸಿದರೆ, ಅಲ್ಲಿ ನಿಮ್ಮ ಪಕ್ಷ ಪ್ರಾರ್ಥಿಸುತ್ತಿದೆ.

## ಹಂತ 6: ಅವರು ತಪ್ಪು ಮಾಡಿದಾಗ

"ಲಂಚ ತಿನ್ನುವವನಿಗೆ ಆಶೀರ್ವಾದ ಬೇಡಬೇಕಾ?" ಪ್ರತಿ ಸಲವೂ ಬರುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಬೇಡ. ಅಧಿಕಾರಿಗಾಗಿ ಪ್ರಾರ್ಥಿಸುವುದು ಅಂದರೆ ಅವರು ಮಾಡಿದ್ದಕ್ಕೆಲ್ಲ ಆಮೆನ್ ಅನ್ನುವುದಲ್ಲ.

ಅಪೊಸ್ತಲರ ಕೃತ್ಯಗಳು 4:24-30 ನೋಡಿ. ಶಿಷ್ಯರು ಹೆರೋದ, ಪೊಂತ್ಯ ಪಿಲಾತ ಅಂತ ಹೆಸರು ಹಿಡಿದೇ ದೇವರ ಮುಂದೆ ಹೇಳುತ್ತಾರೆ. ಅಧಿಕಾರಿಗಳ ಬೆದರಿಕೆಯನ್ನು ನೋಡು ಅನ್ನುತ್ತಾರೆ. ಆಮೇಲೆ ಕೇಳುವುದು ತಮಗಾಗಿ: ನಿನ್ನ ಮಾತನ್ನು ಧೈರ್ಯವಾಗಿ ಹೇಳುವ ಹಾಗೆ ಮಾಡು. ಈ ಕ್ರಮವನ್ನೇ ಇಟ್ಟುಕೊಳ್ಳಿ. ನಡೆದದ್ದನ್ನು ಇದ್ದ ಹಾಗೆ ಹೇಳಿ, ಯಾರಿಗೆ ಅನ್ಯಾಯವಾಯಿತೋ ಅವರ ಪರವಾಗಿ ಕೇಳಿ, ಸತ್ಯ ಹೊರಬರಲಿ ಅಂತ ಕೇಳಿ, ವಿಚಾರಣೆ ಮಾಡುವವರು ಹೆದರದಿರಲಿ ಅಂತ ಕೇಳಿ, ಕೊನೆಗೆ ನಿಮಗೆ ಧೈರ್ಯ ಕೇಳಿ.

ಕೀರ್ತನೆ 109:8ನ್ನು ಮಾತ್ರ ಮುಟ್ಟಬೇಡಿ. ಅವನ ದಿನಗಳು ಕೊಂಚವಾಗಲಿ, ಅವನ ಉದ್ಯೋಗ ಬೇರೊಬ್ಬನಿಗೆ ಹೋಗಲಿ ಅನ್ನುವ ವಚನ ಅದು. ತಮಾಷೆಗೆ ಅಂತ ಗ್ರೂಪಿನಲ್ಲಿ ಹಾಕುತ್ತಾರೆ. ಮುಂದಿನ ವಚನ ಓದಿದ್ದರೆ ಹಾಕುತ್ತಿರಲಿಲ್ಲ, ಅಲ್ಲಿ ಹೆಂಡತಿ ವಿಧವೆಯಾಗಲಿ, ಮಕ್ಕಳು ಅನಾಥರಾಗಲಿ ಅಂತ ಇದೆ.

ನಾನು ಬಳಸುವ ಪರೀಕ್ಷೆ ಒಂದಿದೆ. ಎದುರಿಗೆ ಒಂದು ಖಾಲಿ ಕುರ್ಚಿ ಇಡಿ. ಆ ಅಧಿಕಾರಿ ಅಲ್ಲಿ ಬಂದು ಕೂತಿದ್ದರೆ ಇದೇ ಪ್ರಾರ್ಥನೆಯನ್ನು ಇದೇ ಮಾತುಗಳಲ್ಲಿ ಮಾಡುತ್ತಿದ್ದಿರಾ? ಇಲ್ಲ ಅನ್ನಿಸಿದ ವಾಕ್ಯವನ್ನು ತೆಗೆಯಿರಿ. ಅವರ ಮುಂದೆ ಬೆಣ್ಣೆ ಹಚ್ಚುತ್ತಿದ್ದೆ ಅನ್ನಿಸಿದರೆ ಅದೂ ತಪ್ಪೇ.

## ಹಂತ 7: ಕೂಟದಲ್ಲಿ ನಡೆಸುವುದು

ಒಂದು ಗಂಟೆಯ ಕೂಟದಲ್ಲಿ ಇದಕ್ಕೆ ಏಳು ನಿಮಿಷ. ಐದು ಜನ, ಒಬ್ಬೊಬ್ಬರಿಗೆ ಒಂದೊಂದು ಮೆಟ್ಟಿಲು, ಒಂದೊಂದು ನಿಮಿಷ. ಉಳಿದ ಎರಡು ನಿಮಿಷ ಮೌನಕ್ಕೆ. ಹೆಸರು ಮತ್ತು ವಿಷಯವನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಕೊಡಿ. ಸ್ಥಳದಲ್ಲೇ "ಯಾರಾದರೂ ಪ್ರಾರ್ಥಿಸಿ" ಅಂದರೆ ಯಾವಾಗಲೂ ಮಾತು ಜಾಸ್ತಿ ಇರುವವರೇ ಶುರು ಮಾಡುತ್ತಾರೆ, ಅಲ್ವಾ?

ಪ್ರತಿ ನಿಮಿಷದ ಕೊನೆಗೆ ಎಲ್ಲರೂ ಒಟ್ಟಿಗೆ ಹೇಳುವ ಒಂದು ಸಾಲು ಇರಲಿ: "ಕರ್ತನೇ, ನಮ್ಮ ಮೊರೆಯನ್ನು ಕೇಳು." ಇದರಿಂದ ಉದ್ದ ಎಳೆಯುವವರಿಗೂ ನಿಲ್ಲಿಸುವ ಜಾಗ ಸಿಗುತ್ತದೆ. ಇಲ್ಲೇ ಹುಟ್ಟಿದ ಮಕ್ಕಳು ಮರಾಠಿಯಲ್ಲಿ ಪ್ರಾರ್ಥಿಸಲಿ, ಗೋವಾದಲ್ಲಿ ಕೊಂಕಣಿಯಲ್ಲಿ ಮಾಡಲಿ, ತಡೆಯಬೇಡಿ. ಪಾಲಿಕೆಯ ವಿಷಯಕ್ಕೆ ಅವರಿಗೆ ನಮಗಿಂತ ಚೆನ್ನಾಗಿ ಮಾತು ಬರುತ್ತದೆ.

ಕಥೋಲಿಕರಿಗೆ ಇದು ಇನ್ನೂ ಸುಲಭ. ಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಧರ್ಮಸಭೆಯ ಅಗತ್ಯಗಳ ನಂತರ ಎರಡನೆಯ ಜಾಗ ಆಡಳಿತ ನಡೆಸುವವರದ್ದೇ. ಶುಭ ಶುಕ್ರವಾರದ ಹತ್ತು ಪ್ರಾರ್ಥನೆಗಳಲ್ಲಿ ಒಂಬತ್ತನೆಯದು ಅವರಿಗಾಗಿಯೇ ಇದೆ. ಅಲ್ಲಿ ಓದುವ ಸಾಲಿಗೆ ನಿಮ್ಮ ಊರಿನ ಒಂದು ವಿಷಯ ಸೇರಿಸಬಹುದಾ ಅಂತ ಗುರುಗಳನ್ನು ಮೊದಲೇ ಕೇಳಿ.

ಈಗ ಒಂದು ಕಹಿ ನೆನಪು. ನಮ್ಮ ಕೂಟಕ್ಕೆ ಪಕ್ಕದ ಫ್ಲಾಟಿನ ಹುಡುಗನೊಬ್ಬ ಬರುತ್ತಿದ್ದ, ಕ್ರೈಸ್ತನಲ್ಲ, ಅಮ್ಮನ ಆಪರೇಷನ್‌ಗಾಗಿ ಪ್ರಾರ್ಥಿಸಿ ಅಂತ ಕೇಳಿಕೊಂಡು ಬಂದವನು. ಒಂದು ಬುಧವಾರ ನಮ್ಮ ಹಿರಿಯರೊಬ್ಬರು ಒಂದು ಪಕ್ಷವನ್ನು ಹಿಡಿದು ಜಾಡಿಸಿಬಿಟ್ಟರು, ಪ್ರಾರ್ಥನೆಯ ಹೆಸರಿನಲ್ಲಿ. ಹುಡುಗ ಅದೇ ಪಕ್ಷದ ಕಾರ್ಯಕರ್ತ ಅಂತ ನಮಗೆ ಆಮೇಲೆ ಗೊತ್ತಾಯಿತು. ಚಹಾ ಲೋಟ ಮುಟ್ಟದೆ ಎದ್ದು ಹೋದ. ಅಮ್ಮನ ಆಪರೇಷನ್ ಏನಾಯಿತು ಅಂತ ನಾವೇ ಬಾಗಿಲು ತಟ್ಟಿ ಕೇಳಬೇಕಾಯಿತು. ಅವತ್ತಿನಿಂದ ನಮ್ಮಲ್ಲಿ ನಿಯಮ: ಹುದ್ದೆ ಬರಬಹುದು, ಹೆಸರು ಬರಬಹುದು, ಪಕ್ಷದ ಹೆಸರು ಬರಕೂಡದು.

ಚುನಾವಣೆಯ ಹೊತ್ತಿನಲ್ಲಿ ಇನ್ನೂ ಬಿಗಿ ಬೇಕು. ಚರ್ಚು, ಮಸೀದಿ, ದೇವಸ್ಥಾನಗಳನ್ನು ಪ್ರಚಾರಕ್ಕೆ ಬಳಸಬಾರದು ಅಂತ ಚುನಾವಣಾ ನೀತಿ ಸಂಹಿತೆಯಲ್ಲೇ ಇದೆ. ಧರ್ಮದ ಹೆಸರಿನಲ್ಲಿ ಓಟು ಕೇಳುವುದು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ. ಆದ್ದರಿಂದ ದಿನಾಂಕ ಘೋಷಣೆಯಾದ ದಿನದಿಂದ ಅಭ್ಯರ್ಥಿಗಳ ಹೆಸರು, ಚಿಹ್ನೆ ಎರಡೂ ಬಂದ್. ಬದಲಿಗೆ ಮತಗಟ್ಟೆಗೆ ಹಾಕಿದ ಶಿಕ್ಷಕರಿಗಾಗಿ, ಬಂದೋಬಸ್ತ್ ಪೊಲೀಸರಿಗಾಗಿ, ಜಗಳ ಆಗದಿರಲಿ ಅಂತ ಪ್ರಾರ್ಥಿಸಿ. ಅಭ್ಯರ್ಥಿ ತಾವೇ ಬಂದು "ನನಗಾಗಿ ಪ್ರಾರ್ಥಿಸಿ" ಅಂದರೆ, ಕಣದಲ್ಲಿರುವ ಎಲ್ಲರಿಗಾಗಿ ಒಟ್ಟಿಗೆ ಒಂದು ಪ್ರಾರ್ಥನೆ. ಫೋಟೊ ಬೇಡ.

ಸೊಸೈಟಿಯಲ್ಲಿ ಕೂಟ ಮಾಡುವವರಿಗೆ ಕೊನೆಯ ಎರಡು ಮಾತು. ಮೈಕ್ ಬೇಡ. ಹತ್ತು ಜನರಿಗೆ ಮೈಕ್ ಯಾಕೆ? ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ತಡೆಯೂ ಇದೆ. ಚಪ್ಪಲಿಗಳನ್ನು ಒಳಗೇ ಬಿಡಿಸಿ. ಪಕ್ಕದವರ ಬಾಗಿಲಿಗೆ ಅಡ್ಡ ಇಪ್ಪತ್ತು ಜೊತೆ ಚಪ್ಪಲಿ ಹರಡಿ ಒಳಗೆ ನಗರದ ಸಮಾಧಾನಕ್ಕಾಗಿ ಪ್ರಾರ್ಥಿಸುವುದು ಚೆನ್ನಾಗಿರಲ್ಲ.

## ಹಂತ 8: ನೋಟ್‌ಬುಕ್ ತಿರುಗಿಸಿ ನೋಡಿ

ತಿಂಗಳ ಕೊನೆಯ ಶನಿವಾರ ಅರ್ಧ ಗಂಟೆ. ಪ್ರತಿ ಬೇಡಿಕೆಯ ಮುಂದೆ ಏನಾಯಿತು ಅಂತ ಬರೆಯಿರಿ: ಆಯಿತು, ಆಗಿಲ್ಲ, ಗೊತ್ತಿಲ್ಲ. "ಗೊತ್ತಿಲ್ಲ" ಜಾಸ್ತಿ ಇದ್ದರೆ ನೀವು ಕಾಣದ ವಿಷಯಗಳಿಗೆ ಪ್ರಾರ್ಥಿಸುತ್ತಿದ್ದೀರಿ, ಒಂದು ಮೆಟ್ಟಿಲು ಕೆಳಗಿಳಿಯಿರಿ.

"ಆಗಿಲ್ಲ" ಅಂತ ಮೂರು ತಿಂಗಳು ಬಂದರೆ ವಾರ್ಡ್ ಆಫೀಸಿಗೆ ಒಂದು ಅರ್ಜಿ ಕೊಡಿ, ಮರಾಠಿಯಲ್ಲಿ, ದಿನಾಂಕ ಹಾಕಿ. ಒಂದು ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ನೆಹೆಮೀಯ ಅರಸನ ಮುಂದೆ ನಿಂತು ಒಂದು ಕ್ಷಣ ದೇವರಿಗೆ ಪ್ರಾರ್ಥಿಸಿ, ಅದೇ ಉಸಿರಿನಲ್ಲಿ ಅರಸನಿಗೆ ಬೇಡಿಕೆ ಹೇಳಿದ. ಎರಡನೇ ಅಧ್ಯಾಯದ 4 ಮತ್ತು 5ನೇ ವಚನ. ಅರ್ಜಿಯ ದೂರು ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲೇ ಬರೆದಿಡಿ.

"ಆಯಿತು" ಅಂತ ಬಂದಾಗ ಭಾನುವಾರ ಎದ್ದು ನಿಂತು "ನಮ್ಮ ಪ್ರಾರ್ಥನೆಯಿಂದಲೇ ರಸ್ತೆ ಆಯಿತು" ಅಂತ ಸಾಕ್ಷಿ ಹೇಳಬೇಡಿ. ಡಾಂಬರು ಹಾಕಿದವರು ಬೇರೆ, ಅರ್ಜಿ ಕೊಟ್ಟ ಬೇರೆ ಸೊಸೈಟಿಯವರೂ ಇರುತ್ತಾರೆ. ದೇವರಿಗೆ ಸ್ತೋತ್ರ ಹೇಳಿ, ಸಾಧ್ಯವಾದರೆ ಆ ಅಧಿಕಾರಿಗೆ ಒಂದು ಸಾಲಿನ ಥ್ಯಾಂಕ್ಸ್ ಪತ್ರ ಕಳಿಸಿ. ದೂರಿನ ಪತ್ರವಷ್ಟೇ ಬರುವ ಮೇಜಿನ ಮೇಲೆ ಅದೊಂದೇ ಬೇರೆ ಥರ ಕಾಣುತ್ತದೆ.

ಅಧಿಕಾರಿಗಳಿಗೆ ವರ್ಗಾವಣೆ ಆಗುತ್ತದೆ. ಎರಡನೇ ಮೆಟ್ಟಿಲಿನಲ್ಲಿ ಹುದ್ದೆಯನ್ನು ದೊಡ್ಡದಾಗಿ, ಹೆಸರನ್ನು ಪಕ್ಕದಲ್ಲಿ ಚಿಕ್ಕದಾಗಿ ಬರೆಯಿರಿ. ಅವರು ಹೋದ ದಿನ ಅವರ ಹೊಸ ಊರಿಗಾಗಿ ಒಂದು ಸಲ ಪ್ರಾರ್ಥಿಸಿ, ಹೆಸರು ಅಳಿಸಿ, ಹೊಸಬರು ಯಾರು ಅಂತ ಆಫೀಸಿನ ಬೋರ್ಡು ನೋಡಿಕೊಂಡು ಬನ್ನಿ.